ತಲೆಗೆ ಎರಡು ಗಂಟು

ಸೆಪ್ಟೆಂಬರ್ ಮೊದಲ ವಾರ ಬಿ.ಸಿ. ರೋಡಿನ ತರಕಾರಿ ಅಂಗಡಿಯಲ್ಲಿ ಹೀರೆ, ಬೆಂಡೆ, ಅಲಸಂಡೆಗೆ ಕೈ ಹಾಕುವ ಮೊದಲು ಬೆಲೆ ಕೇಳಿಕೊಳ್ಳುವುದು ಒಳ್ಳೆಯದು. ಚೌತಿಯವರೂ ಮೊಂತಿ ಫೆಸ್ತಿನವರೂ ಒಂದೇ ಬುಟ್ಟಿಗೆ ಕೈ ಹಾಕುವ ಕಾಲ ಅದು. ಚೌತಿಗೆ ತಿಥಿಯ ಲೆಕ್ಕ, ವರ್ಷವರ್ಷವೂ ಆಚೀಚೆ ಆಗುತ್ತದೆ. ಮೊಂತಿ ಫೆಸ್ತಿಗೆ ತಾರೀಕಿನ ಲೆಕ್ಕ: ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ವರ್ಷವಿಡೀ ಮೀನು, ಕೋಳಿ, ಹಂದಿ ಎಂದು ಉಣ್ಣುವ ಕಥೊಲಿಕ ಮನೆಗಳಲ್ಲಿ ಅವತ್ತು ಒಂದು ಮೀನಿನ ಮುಳ್ಳೂ ಕಾಣಸಿಗುವುದಿಲ್ಲ. ಬಾಳೆಲೆ, ತರಕಾರಿ, ಪಾಯಸ. ಪದಾರ್ಥಗಳ ಸಂಖ್ಯೆ ಮೂರೋ ಐದೋ ಏಳೋ ಒಂಬತ್ತೋ, ಅಂತೂ ಬೆಸವಾಗಿರಬೇಕು.

ಮಂಗಳೂರಿನ ಹೋಟೆಲಿನಲ್ಲಿ ಪೋರ್ಕ್ ಬಾಫಾತ್ ತಿಂದು ಬಂದವರು ಕಥೊಲಿಕರ ಅಡುಗೆ ತಮಗೆ ಗೊತ್ತು ಎನ್ನುತ್ತಾರೆ. ಅರ್ಧ ಗೊತ್ತು, ಅಷ್ಟೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಹಳ್ಳಿಮನೆಗಳಲ್ಲಿ ಅಡುಗೆಯವಳ ಕೈಗುಣ ತಿಳಿಯುವುದು ಮಾಂಸವಿಲ್ಲದ ಈ ದಿನ. ನನ್ನದು ಇನ್ನೂ ಒಂದು ವಾದವಿದೆ. ಇದು ಹತ್ತು ಹನ್ನೆರಡು ತಲೆಗಳಿರುವ ಮನೆಯಲ್ಲಿ ಹುಟ್ಟಿ ಬೆಳೆದ ಅಡುಗೆ. ಮೆಣಸು, ಹುಳಿ, ಶುಂಠಿಯ ಹಾಗೆ ಜನವೂ ಅದಕ್ಕೆ ಬೀಳುವ ಒಂದು ಸಾಮಾನು. ಜನ ಕಡಿಮೆ ಮಾಡಿದರೆ ರುಚಿಯೂ ಕಡಿಮೆಯಾಗುತ್ತದೆ.

ಹಬ್ಬದ ತವರು ನಮ್ಮ ಬಂಟ್ವಾಳ ತಾಲೂಕೇ. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಚರ್ಚು ಇದೆ. ಗೋವೆಯಿಂದ ಬಂದ ಪಾದ್ರಿ ಜೋಕಿಂ ಮಿರಾಂದಾ 18ನೇ ಶತಮಾನದಲ್ಲಿ ಇಲ್ಲಿ ಈ ಹಬ್ಬಕ್ಕೆ ನಾಂದಿ ಹಾಡಿದರು ಎಂದು ಊರವರು ಹೇಳಿಕೊಂಡು ಬಂದಿದ್ದಾರೆ. 1784ರ ವಿಭೂತಿ ಬುಧವಾರದಂದು ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕಥೊಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಹೆಚ್ಚಿನ ಚರ್ಚುಗಳು ನೆಲಸಮವಾದವು. ಮೂಡುಬಿದಿರೆ ಬಳಿಯ ಹೊಸಬೆಟ್ಟು ಹೋಲಿ ಕ್ರಾಸ್ ಚರ್ಚು ಉಳಿಯಿತು, ಅದು ಮೂಡುಬಿದಿರೆಯ ಜೈನ ಅರಸ ಚೌಟರು ನಡುವೆ ಬಂದದ್ದರಿಂದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರು ಹಿಂದಿರುಗಿ ಮತ್ತೆ ಗದ್ದೆಗಿಳಿದರು. ಎಲ್ಲ ಕಳೆದುಕೊಂಡು ಬಂದವರಿಗೆ ಹೊಸ ಭತ್ತದ ತೆನೆ ಎಷ್ಟು ದೊಡ್ಡದೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೊಂತಿ ಫೆಸ್ತು ಮಾತೆಯ ಹಬ್ಬವೂ ಹೌದು, ಹೊಸ ಅಕ್ಕಿಯ ಊಟವೂ ಹೌದು. ನೆರೆಯ ತುಳುವರ ಮನೆಗಳಲ್ಲಿ ತೆನೆ ಕಟ್ಟಿ ಪುದ್ವಾರ್ ಉಣ್ಣುವ ಋತು ಕೂಡ ಇದೇ.

ಮಾಂಸ ಬಿಟ್ಟದ್ದು ಭಕ್ತಿಯಿಂದ ಎನ್ನುತ್ತಾರೆ. ಇರಲಿ, ಆದರೆ ಹಿತ್ತಲನ್ನೂ ಸ್ವಲ್ಪ ನೋಡಬೇಕು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಕಡಲಿಗೆ ದೂರದ ಬೆಳ್ತಂಗಡಿಯ ಕಡೆ ಆಟಿಯ ಮಳೆಯಲ್ಲಿ ಒಣಮೀನು, ಹಲಸಿನ ಬೀಜ, ಕಣಿಲೆ, ತಜಂಕು, ಉಪ್ಪಿನಲ್ಲಿಟ್ಟ ಮಾವು, ಇವುಗಳಲ್ಲೇ ದಿನ ದೂಡಬೇಕು. ಮಳೆಗಾಲದ ಮೊದಲಲ್ಲಿ ಚಪ್ಪರಕ್ಕೆ ಹಬ್ಬಿಸಿದ ಹೀರೆ, ಪಡುವಲ, ಮುಳ್ಳುಸೌತೆ, ಕೆಳಗೆ ಬೆಂಡೆ, ಹರಿವೆ ಎಲ್ಲವೂ ಕೈಗೆ ಬರುವುದು ಆಗಸ್ಟ್ ಕೊನೆಗೆ. ಭತ್ತದ ಮೊದಲ ತೆನೆಯೂ ಅದೇ ಹೊತ್ತಿಗೆ ತಲೆ ಬಾಗಿಸುತ್ತದೆ. ಹಿತ್ತಲು ತುಂಬಿರುವಾಗ ಪೇಟೆಯಿಂದ ಮಾಂಸ ತರಿಸುವುದು ಬೇಸಾಯಗಾರನ ಮರ್ಯಾದೆಗೆ ಸಲ್ಲದು. ಹೂವಿಗೂ ಆಗ ಬರಗಾಲವಿಲ್ಲ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ತೋಟ ಗುಡ್ಡ ಅಲೆದು ಕೊಯ್ದ ಹೂವನ್ನು ಬುಟ್ಟಿಯಲ್ಲಿ ಚರ್ಚಿಗೆ ಒಯ್ದು ಮಾತೆಯ ಮುಂದೆ ಎರಚುತ್ತಾರೆ. ಹಬ್ಬದ ದಿನ ಪೂಜೆ ಮುಗಿದ ಮೇಲೆ ಒಂದೊಂದು ಕಬ್ಬು ಕೈಗೆ ಸಿಗುತ್ತದೆ.

ಆ ದಿನದ ಎಲೆಯಲ್ಲಿ ನಾನು ಮೊದಲು ಹುಡುಕುವುದು ಆಳು ದೆಂಟೊ. ಕೆಸುವಿನ ಎಲೆ ಮತ್ತು ದಂಟಿನ ಪದಾರ್ಥ. ಸಿದ್ಧಕಟ್ಟೆ ಕಡೆಯ ಒಂದು ಮನೆಯಲ್ಲಿ ಅದನ್ನು ಮಾಡುವುದನ್ನು ಬಾಗಿಲ ಬಳಿ ಕುಳಿತು ನೋಡಿದ್ದೇನೆ. ಮನೆಯ ಹಿರಿಯ ಬಾಯಮ್ಮ ಕೈಗೆ ತೆಂಗಿನೆಣ್ಣೆ ಸವರಿಕೊಂಡು ಚಾಪೆ ಮೇಲೆ ಕೂರುತ್ತಾರೆ. ಬಲಿತ ಎಲೆಯನ್ನು ಮುಟ್ಟುವುದಿಲ್ಲ. ಇನ್ನೂ ಪೂರ್ತಿ ಬಿಚ್ಚದ ಎಳೆಯ ಎಲೆಯನ್ನು ಉದ್ದಕ್ಕೆ ಹರಿದು, ಸುರುಟಿ, ಬೆರಳಿಗೆ ಸುತ್ತಿ, ತುದಿಯನ್ನು ಒಳಗೆ ತೂರಿಸಿ ಎಳೆದರೆ ಒಂದು ಗಂಟು. ಗಂಟು ಹಾಕದಿದ್ದರೆ ಎಲೆ ಬೆಂದು ಲೋಳೆಯಾಗುತ್ತದೆ. ಹಾಕಿದರೆ ಹೊರಗೆ ಮೆತ್ತಗಾಗಿ ಒಳಗೆ ಹಲ್ಲಿಗೆ ಸಿಗುವಷ್ಟು ಉಳಿಯುತ್ತದೆ. ದಂಟಿನ ನಾರು ತೆಗೆದು ಹರಿವೆ ದಂಟಿನ ಜತೆಗೆ ಸೇರಿಸುತ್ತಾರೆ. ಅಂಬಟೆಯನ್ನು ಕತ್ತರಿಸುವುದಿಲ್ಲ, ಕಲ್ಲಿನಲ್ಲಿ ಒಂದೇ ಏಟು ಹಾಕಿ ಒಡೆಯುತ್ತಾರೆ. ಕೆಸುವಿನ ತುರಿಕೆಗೆ ಆ ಹುಳಿಯೇ ಮದ್ದು. ಕಾಯಿ, ಒಣಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿಯ ಅರೆಪ್ಪು ಬೀಳುವುದು ಕೊನೆಗೆ.

“ಎಷ್ಟು ಗಂಟು ಹಾಕುತ್ತೀರಿ ಬಾಯಮ್ಮ?” ಎಂದು ಕೇಳಿದೆ.

“ತಲೆಗೆ ಎರಡು ಮಗಾ. ಬಾರದವರ ಹೆಸರಲ್ಲೂ ಎರಡು. ಉಳಿದರೆ ನಾಳೆಗಾಯ್ತು” ಎಂದರು ತುಳುವಿನಲ್ಲಿ.

ಅವರ ಪಾಕಶಾಸ್ತ್ರದಲ್ಲಿ ಸೇರು, ಚಮಚ ಯಾವುದೂ ಇಲ್ಲ. ಅಳತೆಗೋಲು ಮನೆಮಂದಿ. ಮದುವೆಯಾಗಿ ಹೋದ ಮಗಳು, ಬೊಂಬಾಯಿಯ ಮಗ, ಕುವೈತಿನ ಅಳಿಯ, ಎಲ್ಲರೂ ಆ ಪಾತ್ರೆಯಲ್ಲಿ ಗಂಟಾಗಿ ಇದ್ದಾರೆ. ಬಡಿಸುವಾಗ ಯಾರಿಗೂ ಮೂರು ಬೀಳಕೂಡದು, ಯಾರಿಗೂ ಒಂದೇ ಆಗಕೂಡದು. ದೊಡ್ಡ ಕುಟುಂಬದಲ್ಲಿ ಜಗಳ ತಪ್ಪಿಸುವ ಉಪಾಯವೂ ಅಡುಗೆಯೊಳಗೇ ಇದೆ.

ಎಲೆ ಹಾಕುವ ಮೊದಲು ನವೆಂ, ಅಂದರೆ ಹೊಸ ತೆನೆ ಉಣ್ಣುವ ಕ್ರಮ. ಚರ್ಚಿನಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ತೆನೆಯನ್ನು ಮನೆಯ ಅಲ್ತಾರಿನ ಮುಂದಿಟ್ಟು ಪ್ರಾರ್ಥನೆ ಮಾಡುತ್ತಾರೆ. ಯಜಮಾನ ಕಾಳು ಸುಲಿದು, ಅಕ್ಕಿಯನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾನೆ. ಅವನ ಕೈಯಿಂದ ಒಬ್ಬೊಬ್ಬರಾಗಿ ಒಂದೊಂದು ಗುಟುಕು ಕುಡಿದ ಮೇಲೆಯೇ ಊಟ. ಪರವೂರಲ್ಲಿರುವವರಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ರೂಢಿ ಇತ್ತು. ಈಗ ವಿಡಿಯೋ ಕಾಲ್ ಬಂದಿದೆ. ಮುಖ ಕಾಣುತ್ತದೆ, ಕಾಳು ಹೋಗುವುದಿಲ್ಲ. ಮೇಲಾಗಿ ಗದ್ದೆಗಳೆಲ್ಲ ಅಡಿಕೆ ತೋಟವಾದ ಊರುಗಳಲ್ಲಿ, ಇನ್ನೂ ಬೇಸಾಯ ಬಿಡದ ಯಾರದೋ ಗದ್ದೆಯಿಂದ ತೆನೆ ಕೇಳಿ ತರಬೇಕಾಗಿದೆ.

ಹಬ್ಬ ವರ್ಷಕ್ಕೊಮ್ಮೆ, ದಿನದ ಊಟವೇ ಹೆಚ್ಚು. ಈ ಮನೆಗಳ ದಿನಚರಿಗೆ ಗಡಿಯಾರ ಚರ್ಚಿನದು. ಬೆಳಗ್ಗೆ ಕುಚ್ಚಲಕ್ಕಿ ಗಂಜಿ, ಜತೆಗೆ ಸುಟ್ಟ ಒಣಮೀನೋ ಚಟ್ನಿಯೋ. ತಪಸ್ಸು ಕಾಲದ ಶುಕ್ರವಾರ ಮಾಂಸವಿಲ್ಲ, ಮೀನಿಗೆ ಅಡ್ಡಿಯಿಲ್ಲ; ಆದುದರಿಂದ ಮೀನಿನ ಗಾಡಿಯ ಹಾರ್ನ್ ಆ ದಿನ ಸ್ವಲ್ಪ ಗಟ್ಟಿಯಾಗಿಯೇ ಕೇಳುತ್ತದೆ. ಸಂಜೆ ಚರ್ಚಿನ ಆಮೊರಿಯ ಗಂಟೆ ಬಾರಿಸಿದ ಮೇಲೆ ತೇರ್ಸ್, ಅಂದರೆ ಜಪಸರ. ಅಲ್ತಾರಿನ ಮುಂದೆ ದೀಪ ಹಚ್ಚಿ, ಅಜ್ಜಿಯಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಎಲ್ಲರೂ ಮೊಣಕಾಲೂರಬೇಕು. ಐದು ಹತ್ತರ ಐವತ್ತು ನಮೋ ಮರಿಯಾ, ಕೊನೆಗೆ ಉದ್ದದ ಸ್ತುತಿಮಾಲೆ. ತಾಯಿಯ ಬೆರಳು ಮಣಿಯ ಮೇಲೆ, ಮೂಗು ಒಲೆಯ ಮೇಲೆ. ಮೂರನೆಯ ಹತ್ತಕ್ಕೆ ಅನ್ನದ ಗಂಜಿ ಉಕ್ಕುವ ಸದ್ದಾದರೆ ಕಣ್ಸನ್ನೆಯಲ್ಲೇ ಒಬ್ಬ ಮಗಳು ಒಳಗೆ ಓಡುತ್ತಾಳೆ. ಪ್ರಾರ್ಥನೆಯ ರಾಗ ತುಂಡಾಗುವುದಿಲ್ಲ. ಮುಗಿದ ಮೇಲೆ ಕಿರಿಯರು ಸಾಲಾಗಿ ಹಿರಿಯರ ಮುಂದೆ ಕೈ ಜೋಡಿಸಿ ಬೆಸಾಂವ್ (ಆಶೀರ್ವಾದ) ಕೇಳಿ, ‘ದೇವ್ ಬರೆಂ ಕರುಂ’ ಅನ್ನಿಸಿಕೊಂಡು ನಂತರ ಬಟ್ಟಲ ಮುಂದೆ ಕೂರಬೇಕು.

ರುಚಿಯ ದೃಷ್ಟಿಯಿಂದ ನೋಡಿದರೆ ತೇರ್ಸಿನ ಈ ಅರ್ಧ ಗಂಟೆ ಬಲು ಮುಖ್ಯ. ಮಣ್ಣಿನ ಬಿಸಲೆಯ ಬಂಗುಡೆ ಸಾರನ್ನು ತೇರ್ಸಿಗೆ ಮೊದಲೇ ಇಳಿಸಿರುತ್ತಾರೆ. ಬಿಸಲೆಯ ಕಾವು ಬೇಗ ಆರುವುದಿಲ್ಲ. ಆ ಕಾವಿನಲ್ಲೇ ಹುಳಿ, ಖಾರ ಮೀನಿನೊಳಕ್ಕೆ ಇಳಿಯುತ್ತವೆ. ಒಲೆಯಿಂದ ನೇರ ತಟ್ಟೆಗೆ ಬರುವ ಹೋಟೆಲಿನ ಮೀನು ಸಾರಿಗೆ ಈ ಭಾಗ್ಯವಿಲ್ಲ.

ಇನ್ನು ಬಾಫಾತ್. ಹಂದಿಯ ಮಾತು ಬಿಟ್ಟು ಬರೆದರೆ ಓದುಗರು ಕ್ಷಮಿಸಲಾರರು. ಪುಡಿಯ ಕೆಲಸ ಎಪ್ರಿಲ್ ಬಿಸಿಲಿಗೇ ಶುರು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ, ಎಲ್ಲವನ್ನೂ ಅಂಗಳದ ಚಾಪೆಯಲ್ಲಿ ಗರಿಗರಿ ಒಣಗಿಸಿ ಮಿಲ್ಲಿಗೆ ಕೊಟ್ಟು, ವರ್ಷಕ್ಕಾಗುವಷ್ಟನ್ನು ಡಬ್ಬಿಗೆ ಒತ್ತಿ ತುಂಬುತ್ತಾರೆ. ತೆಂಗಿನಕಾಯಿ ಇಲ್ಲದೆ ಒಲೆ ಹಚ್ಚದ ಈ ಸೀಮೆಯಲ್ಲಿ ಕಾಯಿ ಬೇಡದ ಅಪರೂಪದ ಪದಾರ್ಥ ಇದು. ಎಣ್ಣೆಯೂ ಬೇಡ. ಶುಂಠಿ, ಬೆಳ್ಳುಳ್ಳಿ, ನೀರುಳ್ಳಿ, ಸೀಳಿದ ಹಸಿಮೆಣಸು, ಪುಡಿ, ಹುಳಿ ಎಲ್ಲ ಸೇರಿ ಮಾಂಸ ತನ್ನ ಕೊಬ್ಬಿನಲ್ಲೇ ಬೇಯುತ್ತದೆ. ಅದಕ್ಕೆ ಚರ್ಮ, ಕೊಬ್ಬು, ಎಲುಬು, ಬರೀ ಮಾಂಸ ನಾಲ್ಕೂ ಹದವಾಗಿ ಕೂಡಬೇಕು. ಸಾಂತ್‌ಮಾರಿಗೆಂದು, ಅಂದರೆ ಚರ್ಚಿನ ವಾರ್ಷಿಕ ಹಬ್ಬಕ್ಕೆಂದು, ನಾಲ್ಕು ಮನೆ ಸೇರಿ ಹಂದಿ ಹಂಚಿಕೊಂಡಾಗ ಅದು ತಾನಾಗಿಯೇ ಕೂಡುತ್ತದೆ. ಒಂದು ಕಿಲೋದ ಪ್ಯಾಕೆಟ್ಟಿನಲ್ಲಿ ಕೂಡುವುದಿಲ್ಲ. ಅದರ ಕೊಬ್ಬು ಮೇಲೆ ತೇಲುವಷ್ಟೂ ಆಗದು. ಮೊದಲ ದಿನ ಪರವಾಗಿಲ್ಲ, ಎರಡನೇ ದಿನ ಕುದಿಸಿದಾಗ ಚೆನ್ನ, ಮೂರನೇ ದಿನ ಅಪ್ಪಟ. ಮೂರನೇ ದಿನಕ್ಕೆ ಉಳಿಯಬೇಕಾದರೆ ಮೊದಲ ದಿನ ದೊಡ್ಡ ಪಾತ್ರೆಯೇ ಒಲೆಗೇರಬೇಕು.

ಜತೆಗೆ ಬರುವ ಸಾನ್ನಾಂಗೂ ಇದೇ ಮಾತು. ಬೆಳ್ತಿಗೆ ಅಕ್ಕಿ, ಉದ್ದಿನ ಹಿಟ್ಟಿಗೆ ಮೂರ್ತೆಯವರು ಬೆಳಗ್ಗೆ ಇಳಿಸಿದ ಶೇಂದಿ ಹಾಕಿ ಹುದುಗಿಸಿ, ಸಣ್ಣ ಬಟ್ಟಲುಗಳಲ್ಲಿ ಹೊಯ್ದು ತೊಂದೂರಿನ ಹಬೆಯಲ್ಲಿ ಬೇಯಿಸಬೇಕು. ಈಗ ಎಲ್ಲೆಡೆ ಯೀಸ್ಟ್. ಯೀಸ್ಟಿನ ಸಾನ್ನಾಂ ಉಬ್ಬುತ್ತದೆ ನಿಜ, ಶೇಂದಿಯ ಎಳೆ ಸಿಹಿಯೂ ಹುಳಿಯೂ ಅದರಲ್ಲಿಲ್ಲ. ಎಂಟು ಸಾನ್ನಾಂಗೆಂದು ಯಾರು ಮೂರ್ತೆಯವರ ಮನೆಗೆ ಬಾಟಲಿ ಹಿಡಿದು ಹೋಗುತ್ತಾರೆ? ಎಂಬತ್ತು ಬೇಕಾದಾಗ ಹೋಗುತ್ತಾರೆ.

ಬೆಳ್ತಂಗಡಿಗೆ ಬಂದರೆ ಕಥೊಲಿಕರ ಇನ್ನೊಂದು ಅಡುಗೆಮನೆಯೇ ಇದೆ. ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ಘಟ್ಟದ ಬುಡದಲ್ಲಿ ರಬ್ಬರು, ಮರಗೆಣಸು ಬೆಳೆದ ಸಿರೋ-ಮಲಬಾರ್ ಕುಟುಂಬಗಳದ್ದು. 1999ರಲ್ಲಿ ಅವರಿಗೆ ಬೆಳ್ತಂಗಡಿಯಲ್ಲೇ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಪ್ರಾರ್ಥನೆ ಮಲಯಾಳದಲ್ಲಿ, ಬೇಯಿಸಿದ ಮರಗೆಣಸಿಗೆ ಕೆಂಪು ಮೀನು ಸಾರು. ಪವಿತ್ರ ಗುರುವಾರ ರಾತ್ರಿ ಅವರು ಮಾಡುವುದು ಹುದುಗು ಬಾರದ ಇಂಡ್ರಿ ಅಪ್ಪ. ಗರಿಯ ಶಿಲುಬೆ ಇಟ್ಟು ಬೇಯಿಸಿದ ಅದನ್ನು ಮನೆಯ ಹಿರಿಯ ತುಂಡು ಮಾಡಿ, ಕಾಯಿಹಾಲು ಬೆಲ್ಲದ ಪಾನಕದಲ್ಲಿ ಅದ್ದಿ ವಯಸ್ಸಿನ ಕ್ರಮದಲ್ಲಿ ಎಲ್ಲರಿಗೂ ಕೊಡುತ್ತಾರೆ. ಕೊಂಕಣಿಯ ನವೆಂ, ಮಲಯಾಳದ ಅಪ್ಪ; ಭಾಷೆ, ಋತು, ರುಚಿ ಎಲ್ಲ ಬೇರೆ. ಹಿರಿಯನ ಒಂದು ಕೈ, ಅದರ ಮುಂದೆ ಸಾಲುನಿಂತ ಹಲವು ಕೈ, ಇದು ಮಾತ್ರ ಎರಡೂ ಕಡೆ ಒಂದೇ.

ಆ ಸಾಲು ಈಗ ಸಣ್ಣದಾಗಿದೆ. ಎಂಟು ಹತ್ತು ಮಕ್ಕಳ ಮನೆಗಳ ಕಾಲ ಮುಗಿಯಿತು. ಇರುವ ಇಬ್ಬರಲ್ಲಿ ಒಬ್ಬ ದುಬೈಯಲ್ಲಿ, ಒಬ್ಬಳು ಬೆಂಗಳೂರಲ್ಲಿ. ಬಾಫಾತ್ ಪುಡಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿ ಬೇಕರಿಯಲ್ಲಿ. ಇದಕ್ಕೆ ಗೋಳಾಡಿ ಫಲವಿಲ್ಲ. ಹತ್ತು ಮಕ್ಕಳನ್ನು ಹೆತ್ತು, ನೂರಾರು ಗಂಟು ಹಾಕಿ ಸವೆದ ತಾಯಂದಿರ ಬೆನ್ನುನೋವಿನ ಲೆಕ್ಕವನ್ನು ನಮ್ಮಂಥ ಉಣ್ಣುವವರು ಯಾರೂ ಇಟ್ಟಿಲ್ಲ. ಆ ಮನೆಗಳು ಹಿಂದೆ ಬರಲೆಂದು ನಾನು ಹಾರೈಸುವುದಿಲ್ಲ.

ಪಾತ್ರೆ ಮಾತ್ರ ಸಣ್ಣದು ಮಾಡಬೇಡಿ ಎನ್ನುತ್ತೇನೆ. ಇಂಟರ್‌ನೆಟ್ಟಿನಲ್ಲಿ ‘ನಾಲ್ಕು ಜನರಿಗೆ’ ಎಂದು ಬರೆದ ಬಾಫಾತ್ ವಿಧಾನ ಸಿಕ್ಕಿದರೆ ಮೂರರಿಂದ ಗುಣಿಸಿ. ಆಳು ದೆಂಟೊಗೆ ಇಪ್ಪತ್ತನಾಲ್ಕು ಗಂಟು ಹಾಕಿ. ಗಂಟು ಹಾಕಲು ಗಂಡಸರನ್ನೂ ಚಾಪೆಯ ಮೇಲೆ ಕೂರಿಸಿ. ಮನೆಯಲ್ಲಿ ನಾಲ್ವರೇ ಇದ್ದರೆ ಬೇಲಿಯಾಚೆಯ ಎಂಟು ಮಂದಿಯನ್ನು ಕರೆಯಿರಿ. ಅದರಲ್ಲೂ ಮೊಂತಿ ಫೆಸ್ತಿಗೆ ಕರೆಯಿರಿ. ಎಲೆಯಲ್ಲಿ ಎಲ್ಲವೂ ತರಕಾರಿ. ಭಟ್ಟರು, ಬ್ಯಾರಿಗಳು, ಬಂಟರು, ಬಸದಿಯ ಇಂದ್ರರು, ಅರೆಪ್ಪಿನ ಬೆಳ್ಳುಳ್ಳಿಯೊಂದನ್ನು ಬಿಟ್ಟರೆ ಯಾರಿಗೆ ಬಡಿಸಲೂ ಯೋಚಿಸಬೇಕಾಗಿಲ್ಲ.