ಕೆಂಪಿನಕೋಟೆಯ ಗುಂಡಿ, ಫೂಟ್ ಸಾಹೇಬರ ಚೀಟಿ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದವರು 1246ರ ಲಕ್ಷ್ಮೀನರಸಿಂಹನ ಗುಡಿಯಲ್ಲಿ ಬಳಪದ ಕಲ್ಲಿನ ಕೆತ್ತನೆ ನೋಡಿ ಬಸ್ಸು ಹತ್ತುತ್ತಾರೆ. ಅದೇ ಸೀಮೆಯ ಕೆಂಪಿನಕೋಟೆಯಲ್ಲಿ ಹಿಂದಿನವರು ಚಿನ್ನಕ್ಕೆಂದು ತೋಡಿದ ಗುಂಡಿಗಳಿವೆ. ಅತ್ತ ಹೆಜ್ಜೆ ಹಾಕುವವರು ಕಡಿಮೆ. 1880ರ ದಶಕದಲ್ಲಿ ಮೈಸೂರಿನ ಚಿನ್ನದ ಜಾಡು ಹಿಡಿದು ಬಂದ ರಾಬರ್ಟ್ ಬ್ರೂಸ್ ಫೂಟ್ ಅವನ್ನು ಗುರುತಿಸಿದ್ದರು.

ಫೂಟ್ (1834–1912) ವೃತ್ತಿಯಿಂದ ಭೂವಿಜ್ಞಾನಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದರು. ಧಾರವಾಡ ಶಿಲಾಸಮೂಹಕ್ಕೆ ಆ ಹೆಸರಿಟ್ಟವರೂ ಅವರೇ. 1863ರ ಮೇ 30ರಂದು ಮದರಾಸಿನ ಹತ್ತಿರ ಪಲ್ಲಾವರಂನ ಜಲ್ಲಿಗುಂಡಿಯಲ್ಲಿ ಆದಿಮಾನವನ ಕೈಗೊಡಲಿಯೊಂದು ಸಿಕ್ಕಿತು. ಅಲ್ಲಿಂದ ದಶಕಗಳ ಕಾಲ ಸರ್ಕಾರಿ ಕೆಲಸದ ಜೊತೆಜೊತೆಗೇ ಕಲ್ಲಿನ ಹತಾರ, ಮಡಕೆಚೂರು ಕೂಡಿಡುತ್ತ ಹೋದರು. ಪೋಷಕ ಎಂದೊಡನೆ ದಾನಪತ್ರ, ಶಾಸನ ನೆನಪಾಗುವ ನಾಡು ನಮ್ಮದು. ಫೂಟ್ ಪುರಾತತ್ವವನ್ನು ಪೋಷಿಸಿದ್ದು ಸಿಕ್ಕ ವಸ್ತುಗಳಿಗೆ ಚೀಟಿ ಬರೆದು.

ಆ ಚೀಟಿಯಲ್ಲೇ ಅವರ ಬಲವಿದೆ. ಹತಾರ ಎಲ್ಲಿ ಸಿಕ್ಕಿತು, ಯಾವ ಕಲ್ಲಿನದು ಎಂಬುದಕ್ಕೆ ಅವರ ಪಟ್ಟಿಯಲ್ಲಿ ಉತ್ತರವಿದೆ. ಅಂದಕ್ಕೆ ಮರುಳಾಗಿ ಕೂಡಿಟ್ಟವರಲ್ಲಿ ಈ ಶಿಸ್ತು ಕಾಣದು. ಮದರಾಸು ಮ್ಯೂಸಿಯಂ ಸೇರಿದ ಆ ಸಂಗ್ರಹ ಇವತ್ತಿಗೂ ಕೆಲಸಕ್ಕೆ ಬರುವುದು ಇದರಿಂದಲೇ. ಅವರ ಊಹೆಯೂ ಅಷ್ಟೇ ಗಟ್ಟಿ; ಬಳ್ಳಾರಿ ಕಡೆಯ ಬೂದಿದಿಬ್ಬಗಳ ವಿಷಯ ನೋಡಿ. ಇತಿಹಾಸಕಾರ ರಾಬರ್ಟ್ ಸೀವೆಲ್ ಅವನ್ನು ಮಧ್ಯಯುಗದ ಸಾಮೂಹಿಕ ದಹನದ ಕುರುಹೆಂದರು; ಫೂಟ್ ನವಶಿಲಾಯುಗದವರ ಸುಟ್ಟ ಸಗಣಿ ಎಂದರು. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಉಟ್ನೂರಿನ ಅಂಥದೇ ದಿಬ್ಬವನ್ನು ಅಗೆದಾಗ ಬೂದಿಯಡಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು.

ಕೊರತೆಯೂ ಕಣ್ಣಿಗೆ ಹೊಡೆಯುತ್ತದೆ. ಅವರ ಸಂಗ್ರಹದ ಬಹುಪಾಲು ನೆಲದ ಮೇಲೆ ಆರಿಸಿದ್ದು. ಪದರ ಪದರವಾಗಿ ಅಗೆಯದೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಖಚಿತವಾಗದು. ಹಾಸನ ಸೀಮೆಯಲ್ಲಂತೂ ಇನ್ನೊಂದು ತೊಡಕು: ಅವರನ್ನು ಇಲ್ಲಿಗೆ ಕರೆತಂದದ್ದು ಚಿನ್ನ. ಅಂಥ ವರದಿಯಲ್ಲಿ ಹಳೇ ಗುಂಡಿಯೆಂದರೆ ಕೆಳಗೆ ಅದಿರಿದೆ ಎಂಬ ಸುಳಿವು. ಗುದ್ದಲಿ ಹಿಡಿದವರ ಊರು, ಒಲೆ, ಮಡಕೆಗೆ ಅಲ್ಲಿ ಜಾಗವಿಲ್ಲ. ಬಳ್ಳಾರಿಯಲ್ಲಿ ಸಗಣಿಯ ಬೂದಿಯಲ್ಲೂ ಮನುಷ್ಯನನ್ನು ಕಂಡವರು ಇಲ್ಲಿ ಚಿನ್ನದ ಕಂಪನಿಗಳ ಕಣ್ಣಿನಿಂದ ನೋಡಬೇಕಾಯಿತು.

ಆಮೇಲೆ ಬಂದವರೂ ಕಲ್ಲಿಗೇ ಹೆಚ್ಚು ಒಲಿದರು. ಹೊಳೆನರಸೀಪುರದ ಶಿಲಾಪಟ್ಟಿ ಭೂವಿಜ್ಞಾನಿಗಳಿಗೆ ಪಾಠದಷ್ಟು ಪರಿಚಿತ. ಗೊರೂರಿನ ಬಂಡೆಗೆ ಸುಮಾರು 330 ಕೋಟಿ ವರ್ಷವೆಂದು ಲೆಕ್ಕ ಹಾಕಿದ್ದಾರೆ. ಗಣಿ ತೋಡಿದವರ ಕಾಲ ತಿಳಿಯಲೂ ದಾರಿಯಿದೆ: ಹಟ್ಟಿಯ ಹಳೇ ಚಿನ್ನದ ಗಣಿಯಲ್ಲಿ ಸಿಕ್ಕ ಮರದ ತುಂಡು, ಅಲ್ಲಿ ಸುಮಾರು 2,000 ವರ್ಷದ ಹಿಂದೆಯೇ ಜನ ಆಳಕ್ಕಿಳಿದಿದ್ದರು ಎಂದು ಹೇಳಿತು. ಕೆಂಪಿನಕೋಟೆಯ ಗುಂಡಿಯಿಂದಲೂ ಹಾಗೊಂದು ತುಂಡನ್ನು ಹುಡುಕಿ, ಫೂಟ್ ಬರೆದಂಥದೇ ಚೀಟಿ ಅಂಟಿಸಬೇಕು.