ಸಾಕಾಗಿದೆಯೋ, ಬೇಡವಾಗಿದೆಯೋ

ನಾಲ್ಕು ದಿನ ರಜೆ ಹಾಕಿ ನೋಡಿ; ಹಗುರಾದರೆ ಬರ್ನ್‌ಔಟ್, ಆಗದಿದ್ದರೆ ಖಿನ್ನತೆ. ಎರಡನ್ನೂ ಬೇರೆಮಾಡಿ ನೋಡಲು ಇಂಥದೊಂದು ಸೂತ್ರ ಈಗ ಎಲ್ಲರ ಬಾಯಲ್ಲಿದೆ. ತಿಂಗಳ ಸಂಬಳ, ವಾರದ ರಜೆ ಇರುವವರಿಗೆ ಅದು ಅಷ್ಟಿಷ್ಟು ಒದಗೀತು. ಬೈಲಕುಪ್ಪೆಯ ಸುತ್ತಲಿನ ಹೊಗೆಸೊಪ್ಪಿನ ಸೀಮೆಯಲ್ಲಿ ಅದು ಒದಗುವುದಿಲ್ಲ. ಅಷ್ಟೇ ಅಲ್ಲ, ಅಪಾಯವನ್ನೂ ತರುತ್ತದೆ ಎಂಬುದು ನನ್ನ ವಾದ.

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆ ಸೊಪ್ಪು ಹದ ಮಾಡುವ ಕಾಲ ಬಂತೆಂದರೆ ನಿದ್ದೆಗೆ ಹೊತ್ತುಗೊತ್ತು ಇರುವುದಿಲ್ಲ. ಬ್ಯಾರನ್‌ಗೆ, ಅಂದರೆ ಸೊಪ್ಪು ಹದ ಮಾಡುವ ಗೂಡಿಗೆ, ಸೊಪ್ಪು ಏರಿಸಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಸೌದೆ ಒಡ್ಡುತ್ತಲೇ ಇರಬೇಕು. ಎಲೆ ಹಳದಿಗೆ ತಿರುಗಲು ಹದವಾದ ಶಾಖ, ಎಲೆ ಒಣಗಲು ಇನ್ನಷ್ಟು, ಕಡೆಗೆ ನಡುವಿನ ದಂಟು ಒಣಗಲು ಮತ್ತಷ್ಟು. ಕಣ್ಣು ಹತ್ತಿ ಶಾಖ ತಪ್ಪಿತೋ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ದರ ಬೀಳುತ್ತದೆ. ಒಂದು ಬ್ಯಾರನ್ ಇಳಿಸುವಷ್ಟರಲ್ಲಿ ಹೊಲದಲ್ಲಿ ಮುಂದಿನ ಎಲೆ ಬಲಿತಿರುತ್ತದೆ. ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸರಿಗೆ ಒಲೆ, ಕೊಟ್ಟಿಗೆ, ಮಕ್ಕಳು ಇದರ ಮೇಲೆ. ರಜೆಯ ಸೂತ್ರ ಇಂಥ ಮನೆಗಳಲ್ಲಿ ಬೇರೆಯೇ ಮಾತಾಗಿಬಿಡುತ್ತದೆ: 'ಸೀಸನ್ ಮುಗೀಲಿ, ಸರಿಹೋಗ್ತಾನೆ ಬಿಡು.' ಸೀಸನ್ ಮುಗಿಯಲು ತಿಂಗಳುಗಳು ಬೇಕು. ಖಿನ್ನತೆಯನ್ನು ಗುರುತಿಸಲು ವೈದ್ಯರು ಹಾಕಿಕೊಂಡ ಗಡುವು ಎರಡು ವಾರ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಪಟ್ಟಿಯಲ್ಲಿ ಬರ್ನ್‌ಔಟ್ ಒಂದು ಕಾಯಿಲೆಯಲ್ಲ, ಉದ್ಯೋಗಕ್ಕೆ ಅಂಟಿದ ಸ್ಥಿತಿ. ಬಳಲಿಕೆ, ಕೆಲಸದ ಬಗ್ಗೆ ಜಿಗುಪ್ಸೆ, ಕೈಸಾಗದ ಭಾವ ಇವು ಅದರ ಮೂರು ಗುರುತುಗಳು. ಬದುಕಿನ ಬೇರೆ ಕಡೆಗೆ ಈ ಹೆಸರು ಸಲ್ಲದು ಎಂದೂ ಅಲ್ಲಿ ಹೇಳಿದೆ. ಮನೆಯಂಗಳದಲ್ಲೇ ಬ್ಯಾರನ್ ಇರುವಾಗ ಕೆಲಸ ಯಾವುದು, ಬದುಕು ಯಾವುದು? ಅಂಗಳವನ್ನು ಹೀಗೆ ಎರಡು ಪಾಲು ಮಾಡಲು ಆಗದು. ಹಾಗೆಂದು ಬರ್ನ್‌ಔಟ್ ಎಂಬುದೇ ಇಲ್ಲ, ಎಲ್ಲವೂ ಖಿನ್ನತೆಯೇ ಎನ್ನುವ ಸಂಶೋಧಕರ ಮಾತನ್ನೂ ನಾನು ಒಪ್ಪಲಾರೆ. ನಿದ್ದೆಗೆಟ್ಟವನಿಗೆ ಬೇಕಾದ್ದು ನಿದ್ದೆ. ಅದಕ್ಕೆ ಮಾತ್ರೆ ಬರೆದುಕೊಡುವುದು ಅವನಿಗೆ ಮಾಡುವ ಅನ್ಯಾಯ.

ಆಸ್ಪತ್ರೆಗಳಲ್ಲಿ ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯನ್ನೇ ತೆಗೆದುಕೊಳ್ಳಿ. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 3ರವರೆಗೆ ಅಂಕ. ಒಟ್ಟು 10 ಮುಟ್ಟಿದರೆ ಗಮನಿಸಬೇಕಾದ ಖಿನ್ನತೆ. ನಿದ್ದೆ, ಸುಸ್ತು, ಹಸಿವು, ಈ ಮೂರಕ್ಕೇ ಬ್ಯಾರನ್ ಕಾಯುವವನಿಗೆ 9 ಅಂಕ ಬಿದ್ದುಬಿಡಬಹುದು. ಮೊತ್ತ ನೋಡಿ ತೀರ್ಮಾನಿಸುವವರು ಇಲ್ಲಿ ಎಡವುತ್ತಾರೆ. 30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ತರುವ ನಮೂನೆಯಲ್ಲಿ ಮಾತ್ರ ಈ ಒಂಬತ್ತರಲ್ಲಿ ಎರಡೇ ಪ್ರಶ್ನೆ ಉಳಿದಿವೆ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿತೇ, ಮನಸ್ಸು ಕುಗ್ಗಿ ದಾರಿಯೇ ಕಾಣದಂತಾಯಿತೇ. ಮೈದಣಿವನ್ನು ಬದಿಗಿಟ್ಟು ನೇರ ಮನಸ್ಸಿಗೇ ಕೈಹಾಕುವ ಈ ಎರಡು ಪ್ರಶ್ನೆ ಈ ಸೀಮೆಯ ಮಟ್ಟಿಗೆ ಒಂಬತ್ತಕ್ಕಿಂತ ಹರಿತ. ಆದರೆ ಸತ್ತರೆ ವಾಸಿ ಎನಿಸುತ್ತದೆಯೇ ಎಂಬ ಒಂಬತ್ತನೆಯ ಪ್ರಶ್ನೆ ಅಲ್ಲಿಲ್ಲ. ಅದನ್ನು ಬಿಟ್ಟದ್ದು ದೊಡ್ಡ ಕೊರತೆ. ಆ ಪ್ರಶ್ನೆಗೆ ಹೌದೆಂದರೆ ಬರ್ನ್‌ಔಟೋ ಖಿನ್ನತೆಯೋ ಎಂಬ ಚರ್ಚೆ ಬೇಡ, ಆ ಮನುಷ್ಯನನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. 14416ಕ್ಕೆ ಕರೆಮಾಡಿದರೆ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಇದೇ ಬೈಲಕುಪ್ಪೆಯಲ್ಲಿ, 1960ರ ದಶಕದಿಂದ ನೆಲೆನಿಂತ ಟಿಬೆಟನ್ನರಲ್ಲಿ, ಇನ್ನೊಂದು ದಾರಿಯಿದೆ. ಅವರ ವೈದ್ಯದಲ್ಲಿ ಸೋಕ್‌ಲುಂಗ್ ಎಂಬ ಕಾಯಿಲೆ ಇದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪ್ರಾಣವಾಯು ಕೆಡುವುದು. ದುಃಖ, ಅತಿಯಾದ ಯೋಚನೆ, ನಿದ್ದೆಗೇಡು, ಹಸಿದು ದುಡಿಯುವುದು ಎಲ್ಲವೂ ಅದಕ್ಕೆ ಕಾರಣ. ವರ್ಷಗಟ್ಟಲೆ ಓದು, ತರ್ಕ, ಧ್ಯಾನದಲ್ಲಿ ತಮ್ಮನ್ನು ದಂಡಿಸಿಕೊಳ್ಳುವ ಭಿಕ್ಷುಗಳಲ್ಲೂ ಇದು ಕಾಣಿಸುತ್ತದೆ ಎಂಬುದನ್ನು ಆ ಸಮಾಜ ಮುಚ್ಚಿಡುವುದಿಲ್ಲ. ವೈದ್ಯರು ನಾಡಿ ಹಿಡಿದು, ಊಟ ನಿದ್ದೆ ಕೆಲಸ ದುಃಖ ಒಟ್ಟಿಗೇ ಕೇಳುತ್ತಾರೆ. ಮೂಳೆಯ ಸಾರು, ಬೆಚ್ಚಗಿನ ಜಿಡ್ಡಿನ ಊಟ, ಎಣ್ಣೆ ತಿಕ್ಕುವುದು, ಜಾಯಿಕಾಯಿಯ ಗಂಟನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ಕಾವು ಕೊಡುವುದು, ಜೊತೆಗೆ ಅಕ್ಕರೆಯವರ ಸಂಗ. ಚಿಕಿತ್ಸೆಯಲ್ಲಿ ಇವೆಲ್ಲ ಸೇರಿವೆ. ಕೆಲಸವೋ ಕಾಯಿಲೆಯೋ ಎಂದು ತೀರ್ಮಾನವಾಗುವ ಮೊದಲೇ ಆರೈಕೆ ಶುರುವಾಗುತ್ತದೆ. ಈ ಪದ್ಧತಿಯಲ್ಲಿ ನನಗೆ ಬೆಲೆಯುಳ್ಳದ್ದಾಗಿ ಕಂಡದ್ದು ಇದೇ. ಆದರೆ ಬಳಲಿದವನಿಗೂ ಬದುಕೇ ಬೇಡವಾದವನಿಗೂ ಒಂದೇ ಹೆಸರಿಟ್ಟಾಗ, ಎರಡನೆಯವನ ತುರ್ತು ಸಾರಿನ ಬಟ್ಟಲಲ್ಲಿ ಕರಗಿಹೋಗುವ ಭಯವಿದೆ. ತೀವ್ರ ಖಿನ್ನತೆಗೆ ಮನೋವೈದ್ಯರ ಚಿಕಿತ್ಸೆ ಬೇಕೇ ಬೇಕು.

ಆಶಾ ನಮೂನೆಗೆ ಒಂಬತ್ತನೆಯ ಪ್ರಶ್ನೆಯೂ ಸೇರಲಿ, ಇನ್ನೊಂದು ಪ್ರಶ್ನೆಯೂ ಸೇರಲಿ: ಕೆಲಸದ ಆಚೆ ನಿಮಗೆ ಇಷ್ಟವಾಗಿದ್ದದ್ದು ಏನು, ಅದು ಈಗಲೂ ಬೇಕೆನಿಸುತ್ತದೆಯೇ? ಬ್ಯಾರನ್ ಕಂಡರೆ ರೇಗುವವನು ತಂಗಿಯ ಮಗು ಬಂದಾಗ ನಕ್ಕರೆ ಅವನಿಗೆ ಆಳು ಬೇಕು, ನಿದ್ದೆ ಬೇಕು, ಸಾಲ ತೀರಿಸಲು ಇನ್ನಷ್ಟು ಕಾಲಾವಕಾಶ ಬೇಕು. ಆ ಮಗುವೂ ಬೇಡವೆನಿಸಿ, ಎಲ್ಲಕ್ಕೂ ತಾನೇ ತಪ್ಪಿತಸ್ಥ ಎಂದು ಎರಡು ವಾರ ಕೊರಗಿದವನನ್ನು ಬೆಂಕಿ ಉರಿಯುತ್ತಿದ್ದರೂ ಬೇರೊಬ್ಬರನ್ನು ಕೂರಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.