ಕೂರೋಕೆ ಒಂದು ಜಾಗ

ನಾಳಿನ ಲೈಬ್ರರಿ ಹೇಗಿರುತ್ತೆ ಅಂತ ಕೇಳಿದ್ರೆ ನಮ್ಮ ಸಾಫ್ಟ್‌ವೇರ್ ಜನಕ್ಕೆ ತಕ್ಷಣ ಹೊಳೆಯೋದು ಆ್ಯಪ್. ನಾನೂ ಅದೇ ಕಸುಬಿನವನು, ಆದ್ರೂ ಈ ಉತ್ತರ ಒಪ್ಪಿಗೆಯಾಗಲ್ಲ.

ನಮ್ಮ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಲೈಬ್ರರಿ ಶುರು ಮಾಡ್ತು. ನಮ್ಮೂರ ಹುಡುಗರಿಗೂ ಪುಸ್ತಕ ಸಿಗುತ್ತೆ ಅಂದ್ರೆ ಒಳ್ಳೇದೇ. ಆದರೆ ಹಳ್ಳಿಯಿಂದ ಬಂದು, ಬೆಂಗಳೂರಿನ ಪಿ.ಜಿ. ರೂಮಲ್ಲಿ ಮೂವರ ಜೊತೆ ಇದ್ದುಕೊಂಡು ಕೆ.ಎ.ಎಸ್.ಗೆ ಓದೋರಿಗೆ ಪಿ.ಡಿ.ಎಫ್.ಗಿಂತ ಮೊದಲು ಬೇಕಿರೋದು ಮೇಜು, ಫ್ಯಾನು, ಕುಡಿಯೋ ನೀರು, ಶೌಚಾಲಯ. ಕಾಫಿ ಕೊಳ್ಳದೆ ಇಡೀ ದಿನ ಕೂರೋಕೆ ಈ ಊರಲ್ಲಿ ಬೇರೆ ಜಾಗ ಎಲ್ಲಿದೆ ಹೇಳಿ?

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ 2018ರಲ್ಲಿ ಪಾರ್ಲಿಮೆಂಟಿನ ಎದುರಿಗೇ ‘ಓಡಿ’ ಅನ್ನೋ ಲೈಬ್ರರಿ ತೆರೀತು. ಮೇಲಿನ ಮಹಡಿಯಲ್ಲಿ ಪುಸ್ತಕ, ನಡುವಿನ ಮಹಡಿಯಲ್ಲಿ ಹೊಲಿಗೆ ಯಂತ್ರ, 3ಡಿ ಪ್ರಿಂಟರ್. ಎಲ್ಲರೂ ಹೊಗಳೋದು ಆ ಯಂತ್ರಗಳನ್ನ. ನನಗೆ ದೊಡ್ಡದಾಗಿ ಕಂಡಿದ್ದು, ಊರಿನ ನಟ್ಟನಡುವಿನ ಜಾಗವನ್ನ ಪ್ರವೇಶಕ್ಕೆ ಕಾಸು ಕೇಳದೆ ಜನಕ್ಕೆ ಬಿಟ್ಟುಕೊಟ್ಟಿದ್ದು.

ಅಂಥ ಜಾಗ ನಮ್ಮಲ್ಲೂ ಇದೆ: ವಿಧಾನಸೌಧದಿಂದ ನಡೆಯುವಷ್ಟು ದೂರದಲ್ಲಿ, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ. ದುಡ್ಡಿಗೂ ದಾರಿ ಇದೆ. 1965ರ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರವನ್ನೂ ಕಟ್ತೀವಿ. ವಸೂಲಾದ ಕರ ಲೈಬ್ರರಿಗಳಿಗೆ ಪೂರ್ತಿ ತಲುಪ್ತಿಲ್ಲ ಅನ್ನೋ ದೂರು ಹಳೇದು. ಇನ್ನೊಂದು ಆ್ಯಪ್ ಬಿಡೋ ಮುಂಚೆ ಆ ಲೆಕ್ಕ ಚುಕ್ತಾ ಆಗ್ಲಿ. ವಾರ್ಡಿನ ಲೈಬ್ರರಿಗಳು ರಾತ್ರಿ ಹತ್ತರವರೆಗೆ ತೆರೆದಿರ್ಲಿ.